ಸೀಮೆಹಸು ತೂಕದ ಕೆಂಪು ಕಾರು

ಕೆಲವರ ಮನೆಗೆ ನೆಂಟರು ಬರುತ್ತಲೇ ಇರುತ್ತಾರೆ, ಕೆಲವರ ಮನೆಗೆ ಕಾಯಿಲೆ. ನನ್ನ ಮನೆಗೆ ಬರುವುದು ಇಂಥ ಪ್ರಸಂಗಗಳು. ಕಾರು ಕೊಂಡ ಮೇಲಂತೂ ಬಾಗಿಲು ಹಾಕಿಕೊಂಡು ಒಳಗೆ ಕೂತರೂ ವಿಳಾಸ ಕೇಳಿಕೊಂಡು ಬಂದುಬಿಡುತ್ತವೆ.

ನಾನು ದನದ ಡಾಕ್ಟರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಕೊಟ್ಟಿಗೆಗಳಲ್ಲೇ ನನ್ನ ಸರ್ವೀಸು ಮುಗಿಯಿತು. ನಿವೃತ್ತಿಯಾದಾಗ ಜೊತೆಯವರು ಸೈಟು ಕೊಂಡರು, ಕಾಶಿಗೆ ಹೋಗಿಬಂದರು. ನಾನು ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡೆ. ಕೆಂಪು ಬಣ್ಣ, ನನ್ನ ವಾರಿಗೆಯದೇ. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಹೊಟ್ಟೆಗೂ ನೆಲಕ್ಕೂ ನಾಲ್ಕೇ ಬೆರಳಿನ ಅಂತರ. ಮೈಯೆಲ್ಲ ಫೈಬರ್ ಆದ್ದರಿಂದ ತೂಕ ಒಂದು ದೊಡ್ಡ ಸೀಮೆಹಸುವಿನಷ್ಟು. ಬೇಕಾದರೆ ಜೊತೆಗೆ ಒಂದು ಕರು ಸೇರಿಸಿಕೊಳ್ಳಿ.

ಕಿರಂಗೂರಿನ ನಮ್ಮ ಮನೆಯಲ್ಲಿ ಈ ಸುದ್ದಿ ತಿಳಿದ ದಿನವೇ ಹೆಂಡತಿ ಷರತ್ತು ಹಾಕಿದಳು. ಅವಳ ತೌರು ಹೊಣಕೆರೆ ಹತ್ತಿರದ ಒಂದು ಹಳ್ಳಿ.

"ನೋಡಿ, ಬರೋ ಗೌರಿಹಬ್ಬಕ್ಕೆ ಅದು ನನ್ನ ಕೂರಿಸ್ಕಂಡು ನಮ್ಮಮ್ಮನ ಮನೆ ಬಾಗ್ಲಲ್ಲಿ ನಿಲ್ಲಬೇಕು. ನಡೂದಾರೀಲಿ ನನ್ನ ಇಳಿಸಿ ನಡೆಸಿದ್ರೋ, ಹಬ್ಬದ ಮಾರನೇ ದಿನ ಅದನ್ನ ಮಾರ್ಬುಡಬೇಕು."

ಹಸುವಿನ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ಕರುವನ್ನು ಹೊರಗೆ ತೆಗೆದವನಿಗೆ ಇದೇನು ಮಹಾ ಎಂದುಕೊಂಡು ಒಪ್ಪಿದೆ. ಕರು ಎಷ್ಟೋ ವಾಸಿ ಎಂದು ಆಮೇಲೆ ಗೊತ್ತಾಯಿತು.

ಆಲೆಮನೆ

ಕಾರು ಇದ್ದದ್ದು ಕೆ.ಆರ್. ಪೇಟೆಯ ಒಂದು ರೇಷ್ಮೆಹುಳು ಸಾಕುವ ಮನೆಯಲ್ಲಿ. ಓಡುವ ಸ್ಥಿತಿಯಲ್ಲಿರಲಿಲ್ಲ, ಸೀಟಿನ ಮೇಲೂ ಹುಳುವಿನ ತಟ್ಟೆ ಜೋಡಿಸಿದ್ದರು. ಕಬ್ಬು ಹೊಡೆಯುವ ಟ್ರ್ಯಾಕ್ಟರಿನವನೊಬ್ಬನನ್ನು ಹಿಡಿದು, ಹಲಗೆ ಇಟ್ಟು, ಟ್ರೈಲರಿಗೆ ಹತ್ತಿಸಿದ್ದಾಯಿತು. ಬಿಸಿಲಿಗೆ ಬಣ್ಣ ಹೋದೀತು ಎಂದು ಟಾರ್ಪಾಲು ಹೊದಿಸಿದೆ. ಅವನು ಕಬ್ಬಿಗೆ ಬಿಗಿಯುವ ಹಾಗೇ ಹಗ್ಗ ಬಿಗಿದ. ಹಿಂದೆ ಸ್ಕೂಟರಿನಲ್ಲಿ ನಾನು.

ಪಾಂಡವಪುರದ ಹತ್ತಿರ ಅವನ ಊರು ಬಂತು. "ಒಂದ್ ತುತ್ತು ಉಂಡ್ಕಂಡ್ ಬತ್ತೀನಿ ಸಾ" ಎಂದು ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ಒಳಗೆ ಹೋದ. ನಾನು ಟೀ ಕುಡಿಯಲು ಹೋದೆ. ವಾಪಸು ಬಂದರೆ ಟ್ರ್ಯಾಕ್ಟರೂ ಇಲ್ಲ, ಟ್ರೈಲರೂ ಇಲ್ಲ. ಕೂಗು ಹಾಕಿದೆ. ಅವನು ಎಂಜಲು ಕೈಯಲ್ಲೇ ಹೊರಗೆ ಓಡಿಬಂದ.

"ಅಯ್ಯೋ, ನಮ್ಮಣ್ಣ ಕಬ್ಬು ಅಂದ್ಕಂಡು ಆಲೆಮನೆಗೆ ಹೊಡ್ಕಂಡೋಗ್ಬುಟ್ಟವ್ನೆ ಸಾ!"

ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಲೆಮನೆಗೆ ಹಾರಿದೆ. ಅಲ್ಲಿ ಐದಾರು ಗಾಡಿ ಕಬ್ಬು ಸರದಿಯಲ್ಲಿ ನಿಂತಿತ್ತು. ಸಾಲಿನ ಕೊನೆಯಲ್ಲಿ ನನ್ನ ಕಾರು. ಟಾರ್ಪಾಲು ತೆಗೆದಿದ್ದರು. ಅಣ್ಣ ತಲೆ ಕೆರೆದುಕೊಳ್ಳುತ್ತಿದ್ದ. ಬೆಲ್ಲದ ಕೊಪ್ಪರಿಗೆ ಕಾಯುತ್ತಿದ್ದವರೂ ಬಂದು ಸುತ್ತ ನಿಂತಿದ್ದರು.

ಆಲೆಮನೆಯ ಯಜಮಾನರು ನನ್ನ ಗುರುತು ಹಿಡಿದರು. ಹಿಂದೆ ಅವರ ಎಮ್ಮೆ ಹೊಟ್ಟೆ ಉಬ್ಬರಿಸಿಕೊಂಡು ಬಿದ್ದಾಗ ನಾನು ಹೋಗಿ ಉಳಿಸಿದ್ದೆ. ಅದನ್ನು ಅವರು ಮರೆತಿರಲಿಲ್ಲ. ಬಿಸಿ ಬೆಲ್ಲ, ಕೊಬ್ಬರಿ ಕೈಗಿತ್ತು, ಕಾರನ್ನು ಒಂದು ಸುತ್ತು ನೋಡಿ, ಬಲು ಗಂಭೀರವಾಗಿ ಹೇಳಿದರು:

"ಬೇರೇರ್ದಾಗಿದ್ರೆ ಸರದೀಲೇ ನಿಲ್ಲಿಸ್ತಿದ್ದೆ ಡಾಕ್ಟ್ರೇ. ನಿಮ್ದಲ್ವಾ, ಮೊದ್ಲು ಇದನ್ನೇ ಗಾಣಕ್ಕೆ ಕೊಟ್ಟು ಕಳಿಸ್ಬುಡ್ತೀನಿ."

ಗ್ಲೂಕೋಸು

ನಮ್ಮ ಮೇಸ್ತ್ರಿ ಬಾಬುರಾಯನಕೊಪ್ಪಲಿನವರು. ಸರ್ವೀಸಿನಲ್ಲಿ ನಾನು ಓಡಿಸಿದ ಅಷ್ಟೂ ಬೈಕುಗಳನ್ನು ನೋಡಿಕೊಂಡ ಮನುಷ್ಯ. ಈ ಕಾರಿನ ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಸಿಗದಿದ್ದುದನ್ನು ಅವರೇ ಲೇತಿನಲ್ಲಿ ಕಡೆದು ಮಾಡುತ್ತಿದ್ದರು. ಒಂದು ದಿನವೂ ಬೇಸರ ಪಟ್ಟವರಲ್ಲ. ಅವರಿಲ್ಲದಿದ್ದರೆ ನನ್ನ ಕಾರಿನಲ್ಲಿ ಇಂದಿಗೂ ಹುಳು ಸಾಕುತ್ತಿದ್ದರು.

ಒಂದು ಸಂಜೆ ನಮ್ಮ ಮನೆಗೆ ಬಂದು ನೋಡಿ ಹೇಳಿದರು: "ಡಾಕ್ಟರ್ ಸಾಬ್, ಟ್ಯಾಂಕು ಪೂರಾ ಖರಾಬ್. ಇಂಜಿನ್ ಸರಿ ಇದೆಯಾ ಅಂತ ನೋಡಕ್ಕೆ ಮೇಲಿಂದ ಒಸಿ ಒಸಿ ಪೆಟ್ರೋಲ್ ಬಿಡ್ಬೇಕು. ಒಂದು ಬಾಟ್ಲಿ, ಸಣ್ಣ ಪೈಪು ಐತಾ?"

ದನದ ಡಾಕ್ಟರ ಮನೆಯಲ್ಲಿ ಅದಕ್ಕೇನು ಬರ? ಹಳೆಯ ಡ್ರಿಪ್ ಬಾಟಲಿ ತಂದು, ಪೆಟ್ರೋಲು ತುಂಬಿ, ಬೇವಿನ ಕೊಂಬೆಗೆ ನೇತುಹಾಕಿದೆ. ಕೈ ತನ್ನಷ್ಟಕ್ಕೆ ತಾನೇ ಹನಿ ಎಣಿಸಿ ಸರಿಮಾಡಿತು. ಇನ್ನೊಂದು ಕೈ ಬಾನೆಟ್ಟು ಸವರುತ್ತಿತ್ತು. ಬಾಯಿ "ಹೋ ಹೋ, ಸುಮ್ಕಿರವ್ವ" ಎನ್ನುತ್ತಿತ್ತು. ನಲವತ್ತು ವರ್ಷದ ಅಭ್ಯಾಸ, ಬಿಡಬೇಕಲ್ಲ. ಇಂಜಿನ್ನು ಎರಡು ಸಲ ಕೆಮ್ಮಿ ಸ್ಟಾರ್ಟಾಯಿತು. ಮೇಸ್ತ್ರಿ ಮತ್ತು ನಾನು ತಬ್ಬಿಕೊಂಡೆವು. ದಾರಿಯಲ್ಲಿ ಹೋಗುತ್ತಿದ್ದ ನಮ್ಮೂರ ರೈತನೊಬ್ಬ ಇದನ್ನೆಲ್ಲ ನಿಂತು ನೋಡಿಕೊಂಡು ಹೋದ.

ಮಾರನೇ ಬೆಳಿಗ್ಗೆ ಅವನು ಹಸು ಹೊಡೆದುಕೊಂಡು ನಮ್ಮ ಬಾಗಿಲಿಗೆ ಬಂದ.

"ಏನಾಗಿದೆಯಪ್ಪ ಇದಕ್ಕೆ?" ಎಂದೆ.

"ಏನೂ ಆಗಿಲ್ಲ ಸಾ. ಗುಂಡುಕಲ್ಲಂಗೈತೆ."

"ಮತ್ಯಾಕೆ ತಂದೆ?"

ಅವನು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದ. "ನೆನ್ನೆ ಸಾಹೇಬ್ರು ಕಾರಿಗೆ ಗ್ಲೂಕೋಸ್ ಏರಿಸ್ತಿದ್ರು ಕಣವ್ವಾ. ನೋಡಿ ಕರುಳು ಚುರುಕ್ ಅಂತು. ದನ ಮುಟ್ದೆ ಇಂಗಾಗೋಗವ್ರೆ. ಒಂದ್ ಗಳಿಗೆ ಕೈಯಾಡಿಸ್ಲಿ ಬುಡಿ, ಸಮಾಧಾನ ಆಯ್ತದೆ."

ನಾನು ಹಸುವಿನ ಜ್ವರ ನೋಡಿ, ಹಲ್ಲು ನೋಡಿ ಕಳಿಸಿದೆ. ನಿಜಕ್ಕೂ ಸಮಾಧಾನವಾಯಿತು.

ಹುರುಳಿ

ಹೆಂಡತಿಯನ್ನು ಕೂರಿಸುವ ಮುಂಚೆ ಒಬ್ಬನೇ ಒಮ್ಮೆ ಹೊಣಕೆರೆ ದಾರಿ ನೋಡಿ ಬರೋಣ ಎಂದು ಚಳಿಗಾಲದಲ್ಲಿ ಹೊರಟೆ. ನಾಗಮಂಗಲ ದಾಟಿದ ಮೇಲೆ ಸಣ್ಣ ರಸ್ತೆ. ಅಲ್ಲಿ ಸುಗ್ಗಿಯಲ್ಲಿ ಕಣ ಮಾಡುವ ಗೋಜೇ ಇಲ್ಲ. ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ನನ್ನ ಮುಂದಿನ ಬಸ್ಸು ಅದರ ಮೇಲೆ ಸಲೀಸಾಗಿ ಹೋಯಿತು. ನಾನೂ ಹೋದೆ. ನನ್ನ ಕಾರು ಹುರುಳಿಯನ್ನು ಹೊಟ್ಟೆಯಡಿ ಒತ್ತರಿಸಿಕೊಂಡು, ಮೂತಿಯ ಮುಂದೆ ಮೆದೆ ಒಟ್ಟಿಕೊಂಡು, ನಿಂತೇಬಿಟ್ಟಿತು.

ಬಿಸಿ ಸೈಲೆನ್ಸರಿಗೆ ಒಣ ಗಿಡ ತಾಗಿ ಬೆಂಕಿ ಹತ್ತೀತು ಎಂದು ಹೆದರಿ ಕೆಳಗೆ ಹಾರಿದೆ. ಹುರುಳಿ ಹರಡಿ ಕಾಯುತ್ತಿದ್ದ ಅಜ್ಜಿಯೊಬ್ಬಳು ಅಷ್ಟರಲ್ಲೇ ಕವೆಗೋಲು ಹಿಡಿದು ಅಡಿಯಿಂದ ಎಳೆಯತೊಡಗಿದ್ದಳು. ನನ್ನನ್ನು ಬೈಯಲಿಲ್ಲ. ಕಾರಿನ ಪಕ್ಕ ಅಂಗಾತ ಮಲಗಿ ಅಡಿಗೆ ಕೈ ಹಾಕಿದ್ದ ನನ್ನ ಮುಖಕ್ಕೆ ಧೂಳು ಬೀಳದ ಹಾಗೆ ಸೆರಗನ್ನೂ ಅಡ್ಡ ಹಿಡಿದಳು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ಎಲ್ಲ ತೆಗೆದ ಮೇಲೆ ಮೊರಕ್ಕೆ ಹಾಕಿ ಕೇರಿ ನೋಡಿದಳು.

"ಬಸ್ಸು ಒಂದ್ಸಲ ಹೋದ್ರೆ ಅರ್ಧ ಕಾಳು ಉದುರ್ತವೆ. ನಿನ್ ಕಾರು ಇಷ್ಟೊತ್ತು ಮೇಲೆ ಕುಂತಿದ್ರೂವೆ ಒಂದ್ ಕಾಯೂ ಒಡ್ದಿಲ್ವಲ್ಲಪ್ಪಾ" ಎಂದು ಮರುಗಿದಳು. "ಹೋಗ್ಲಿ ಬುಡು, ಬೇಜಾರ್ ಮಾಡ್ಕಬ್ಯಾಡ. ಇನ್ನೂ ಸಣ್ಣದು. ಚೆಂದಾಗ್ ಮೇಯ್ಸು."

ಗೌರಿಹಬ್ಬ

ಹಬ್ಬ ಬಂದೇಬಿಟ್ಟಿತು. ಮೇಸ್ತ್ರಿ ಬೆಳಗಾಗುವ ಹೊತ್ತಿಗೆ ಬಂದು ಒಂದೊಂದು ನಟ್ಟನ್ನೂ ಮುಟ್ಟಿ ನೋಡಿ, "ಅಕ್ಕಾ, ಬೇಫಿಕರ್ ಹೋಗ್ಬನ್ನಿ" ಎಂದರು. ಹೆಂಡತಿ ರೇಷ್ಮೆ ಸೀರೆಯುಟ್ಟು, ತಾಯಿಗೆ ಕೊಡುವ ಬಾಗಿನದ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಮನೆದೇವರಿಗೆ ಹರಕೆ ಹೊತ್ತೆ. ಕಾರು ಮಾರುವುದೆಂದರೆ ನನಗೆ ಹಾಲು ಕರೆಯುವ ಹಸುವನ್ನು ಸಂತೆಗೆ ಅಟ್ಟಿದ ಹಾಗೆ.

ಪಾಂಡವಪುರ ದಾಟಿತು. ರಸ್ತೆಯ ಪ್ರತಿ ಉಬ್ಬಿಗೂ ಅಡ್ಡಡ್ಡ ಹತ್ತಿಸಿ ಇಳಿಸಿದೆ. ನಾಗಮಂಗಲವೂ ದಾಟಿತು. ಅಲ್ಲಿಯವರೆಗೆ ಮೊರ ಬಿಗಿಹಿಡಿದು ಕೂತಿದ್ದವಳು ಕೈ ಸಡಿಲಿಸಿ, "ಗಾಳಿ ಚೆನ್ನಾಗಿ ಬತ್ತದೆ" ಎಂದಳು. ನನಗೆ ಅಷ್ಟೇ ಸಾಕಾಗಿತ್ತು.

ಅವಳ ಊರು ಬಂತು, ಬೀದಿ ಬಂತು, ಮನೆಯ ಬಾಗಿಲೂ ಕಾಣಿಸಿತು. ಬಾಗಿಲಿಗೆ ಐವತ್ತು ಹೆಜ್ಜೆ ಇರುವಾಗ ಬ್ರೇಕು ತುಳಿದೆ. ನೀರಿನ ಪೈಪು ಹಾಕಲು ಬೀದಿಗೆ ಅಡ್ಡವಾಗಿ ಚರಂಡಿ ಅಗೆದಿದ್ದರು. ದಾಟಲು ಒಂದೇ ಒಂದು ಕಲ್ಲುಚಪ್ಪಡಿ ಇತ್ತು, ಮನುಷ್ಯರಿಗೆ. ಬೇರೆ ದಾರಿಯಿಲ್ಲ.

ಹೆಂಡತಿ ಚರಂಡಿ ನೋಡಿದಳು, ನನ್ನ ಮುಖ ನೋಡಿದಳು. "ಇಳೀಲಾ?" ಎಂದಳು ಮೆಲ್ಲಗೆ. ಗೆದ್ದ ದನಿಯಾಗಿರಲಿಲ್ಲ ಅದು. ಅವಳಿಗೂ ಬೇಜಾರಾಗಿತ್ತು.

ಅಷ್ಟರಲ್ಲಿ ಅವಳ ಮೂವರು ತಮ್ಮಂದಿರು ಓಡಿಬಂದರು. ದೊಡ್ಡವನು ಒಮ್ಮೆ ಕಾರು ನೋಡಿ ಪಂಚೆ ಮೇಲಕ್ಕೆ ಕಟ್ಟಿದ.

"ಅಕ್ಕಾ, ಇಳೀಬ್ಯಾಡ. ಗೌರಿಹಬ್ಬದ ದಿನ ನಮ್ಮಕ್ಕ ಬೀದೀಲಿಳಿದು ನಡ್ಕಂಡ್ ಬರಾದಾ? ಲೇ, ಬರ್ರಲಾ ಎಲ್ಲಾ! ಕೈ ಕೊಡ್ರಲಾ!"

ಅರಳೀಕಟ್ಟೆಯ ಮೇಲಿದ್ದವರು, ಹಾಲು ಹಾಕಲು ಹೊರಟವರು, ಎಲ್ಲ ಸೇರಿ ಹನ್ನೆರಡು ಜನ ಸುತ್ತುವರಿದರು. ಆ ದೊಡ್ಡವನು ನನ್ನತ್ತ ತಿರುಗಿದ.

"ಭಾವ, ನೀವು ಇಳೀರಿ."

"ನಾನ್ಯಾಕಯ್ಯ?"

"ಕಾರು ಹಗೂರ ಐತೆ ಭಾವ. ನೀವಿಲ್ಲ."

ಇಳಿದೆ. ಹೈಸಾ ಎಂದು ಒಂದೇ ಸಲಕ್ಕೆ ಎತ್ತಿದರು. ಚರಂಡಿ ದಾಟಿಸಿ ಇಳಿಸುತ್ತಾರೆಂದು ನಾನು ತಿಳಿದಿದ್ದರೆ, ಎತ್ತಿದವರಿಗೆ ಹುರುಪು ಬಂದು ಹಾಗೇ ನಡೆದುಬಿಟ್ಟರು. ಬಾಗಿನದ ಮೊರ ಹಿಡಿದ ನನ್ನ ಹೆಂಡತಿ ಆ ಕೆಂಪು ಕಾರಿನಲ್ಲಿ ಎಲ್ಲರ ಮಧ್ಯೆ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಆ ಹನ್ನೆರಡು ಜನರ ಕಾಲಿಗೆ ಬೀಳಬೇಕೆನ್ನಿಸಿತು. ಎರಡೂ ಕೈಯಲ್ಲಿ ಕಾರಿನಿಂದ ಇಳಿಸಿಕೊಂಡ ಬಾಳೆಗೊನೆ, ಬಟ್ಟೆಯ ಬ್ಯಾಗು ಇದ್ದುದರಿಂದ ಬೀಳಲಾಗಲಿಲ್ಲ.

ಬಾಗಿಲ ಮುಂದೆ, ರಂಗೋಲಿಯ ಪಕ್ಕ, ಕಾರನ್ನು ಇಳಿಸಿದರು. ಹೆಂಡತಿ ಹಿಂದಕ್ಕೆ ತಿರುಗಿ ಕೂಗಿದಳು: "ರೀ, ಕಾರು ಇರ್ಲಿ ಬುಡಿ!"

ಅತ್ತೆ ಆರತಿ ತಟ್ಟೆ ಹಿಡಿದು ಬಂದರು. ಮಗಳಿಗೆ ಬೆಳಗಿದರು, ಕಾರಿಗೆ ಬೆಳಗಿದರು, ಬಾನೆಟ್ಟಿಗೆ ಕುಂಕುಮವನ್ನೂ ಇಟ್ಟರು. ಆಮೇಲೆ ತಲೆಯೆತ್ತಿ, ಬೆವರು ಸುರಿಸುತ್ತ ಏದುಸಿರು ಬಿಡುತ್ತ ಬರುತ್ತಿದ್ದ ನನ್ನನ್ನು ಕಂಡು, ತಟ್ಟೆ ಹಿಡಿದಿದ್ದಂತೆಯೇ ಹೌಹಾರಿದರು:

"ಅಯ್ಯೋ ಸಿವನೇ, ಅಳಿಯಂದ್ರು ಕಿರಂಗೂರಿಂದ ನಡ್ಕಂಡೇ ಬಂದವ್ರಲ್ಲಾ! ಒಂದ್ ಬಸ್ಸೂ ಸಿಗ್ನಿಲ್ವಾ?"