ಬೀಗರ ಫ್ರಂಟ್ ಆಫೀಸು

ನಮ್ಮ ಬೀಗರು ಟೊರೊಂಟೊದ ಒಂದು ಫುಟ್‌ಬಾಲ್ ತಂಡ ನಡೆಸುತ್ತಾರೆ. ಈ ವಿಷಯ ತಂಡದವರಿಗೆ ಮಾತ್ರ ಇನ್ನೂ ಗೊತ್ತಿಲ್ಲ!

ಬೀಗರೆಂದರೆ ನನ್ನ ಮಗಳ ಮಾವ. ಧಾರವಾಡದವರು. ಕೆನಡಾಕ್ಕೆ ಬಂದು ಐವತ್ತು ವರ್ಷದ ಹತ್ತಿರವಾಯಿತು. ಎಂಜಿನಿಯರಾಗಿ ದುಡಿದು, ನಿವೃತ್ತರಾಗಿ ಟೊರೊಂಟೊ ಪಕ್ಕದ ಪಿಕರಿಂಗ್‌ನಲ್ಲಿದ್ದಾರೆ. ನಾನು ಅಲ್ಲೇ ಹತ್ತಿರದ ಯೂನಿಯನ್‌ವಿಲ್‌ನಲ್ಲಿ ಮಗಳ ಜೊತೆ ಇರುವವಳು. ಮೈಸೂರಿನವಳಾದ ನನಗೆ, ಬೀಗರೆಂದರೆ ಹೋಳಿಗೆಗೆ ತುಪ್ಪ ಸಾಲಲಿಲ್ಲವೆಂದು ಮುನಿಸಿಕೊಳ್ಳುವವರು ಎಂದಷ್ಟೇ ಗೊತ್ತಿತ್ತು. ಇವರು ಮುನಿಸಿಕೊಳ್ಳುವುದು ಫ್ರಂಟ್ ಆಫೀಸಿನ ಮೇಲೆ!

"ಫ್ರಂಟ್ ಆಫೀಸ್ ಮಂದಿಗೆ ತಲಿ ಇಲ್ರೀ ಬೀಗರ!" ಎಂದು ಮೊದಲ ಸಲ ಅವರು ಕೂಗಿದಾಗ, ಮುಂಬಾಗಿಲ ಹತ್ತಿರ ಕೂತಿರುವ ಆ ರಿಸೆಪ್ಷನ್ ಹುಡುಗಿ ಪಾಪ ಏನು ತಪ್ಪು ಮಾಡಿದಳೋ ಎಂದು ಮರುಗಿದ್ದೆ. ಆಮೇಲೆ ತಿಳಿಯಿತು, ಆಟಗಾರರನ್ನು ಆರಿಸುವ, ಮಾರುವ, ಮನೆಗೆ ಕಳಿಸುವ ದೊಡ್ಡ ಮನುಷ್ಯರಿಗೆ ಹಾಗೆನ್ನುತ್ತಾರಂತೆ. ಪ್ರತಿ ವಸಂತದಲ್ಲೂ ಕಾಲೇಜು ಆಟಗಾರರ ಪಟ್ಟಿ ಮುಂದಿಟ್ಟುಕೊಂಡು, ತಂಡಗಳು ಸರದಿಯಂತೆ ಒಬ್ಬೊಬ್ಬರ ಹೆಸರು ಕೂಗಿ ತಮ್ಮವರನ್ನಾಗಿ ಮಾಡಿಕೊಳ್ಳುತ್ತವೆ. ಅದು ಡ್ರಾಫ್ಟು. ಕಾಲಲ್ಲಿ ಒದೆಯುವ ದುಂಡು ಚೆಂಡಿನ ಆಟವಲ್ಲ ಇದು. ಸುಲಿಯದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಓಡಿದವನ ಮೇಲೆ ಹತ್ತು ಜನ ಬೀಳುವ ಕೆನಡಾದ ಆಟ.

ಬೀಗರು ಜನ್ಮದಲ್ಲಿ ಆ ಚೆಂಡು ಮುಟ್ಟಿದವರಲ್ಲ. ಒಮ್ಮೆ ನನ್ನನ್ನೂ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋಗಿದ್ದರು. ಮೈದಾನದಲ್ಲಿ ಇಪ್ಪತ್ತನಾಲ್ಕು ಜನ ರಾಶಿರಾಶಿಯಾಗಿ ಬೀಳುತ್ತಿದ್ದರೆ, ಇವರ ದುರ್ಬೀನು ಮಾತ್ರ ಫ್ರಂಟ್ ಆಫೀಸಿನವರು ಕೂರುವ ಮೇಲಿನ ಗಾಜಿನ ಕೋಣೆಯ ಕಡೆಗೆ! "ನೋಡ್ರಿ, ತಂಡ ಸೋಲ್ಲಿಕತ್ತದ, ಮ್ಯಾನೇಜರ್ ಎರಡನೇ ಸ್ಯಾಂಡ್‌ವಿಚ್ ತಿನ್ಲಿಕತ್ತಾನ!" ತಂಡ ಸೋತಿತು. ಎಷ್ಟರಿಂದ ಸೋತಿತೆಂದು ಮನೆಯಲ್ಲಿ ಕೇಳಿದರೆ ಬೀಗರು ತಡವರಿಸಿದರು. ಮ್ಯಾನೇಜರ್ ತಿಂದದ್ದು ಮಾತ್ರ ಬಾಯಿಪಾಠ!

ಪ್ರತಿವರ್ಷ ಡ್ರಾಫ್ಟಿಗೆ ಮುಂಚೆ ಇವರು ಫ್ರಂಟ್ ಆಫೀಸಿಗೆ ಒಂದು ಕಾಗದ ಬರೆಯುತ್ತಾರೆ. ಯಾರನ್ನು ಆರಿಸಬೇಕು, ಏಕೆ ಆರಿಸಬೇಕು, ವಿವರವಾಗಿ. ಆಮೇಲೆ ಬೀದಿಯವರಿಗೆಲ್ಲ ಬಂದ ಕಾಗದ ಹಾಕಿ ಹೋಗುವ, ಬೀದಿಯ ಕೊನೆಯ ಟಪಾಲು ಡಬ್ಬಿಯ ಹತ್ತಿರ ಓಡಾಟ ಶುರು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಉತ್ತರ ಬಂದಿಲ್ಲ. ಬೀಗಿತ್ತಿಯ ಲೆಕ್ಕ ಬೇರೆ: "ಟಪ್ಪಾಲಿನಾಂವ ವಾರಕ್ಕ ಐದು ದಿನ ಬರ್ತಾನ. ಇವರು ಹದಿನಾಲ್ಕು ಸಲ ಹೋಗ್ತಾರ!"

ತಂಡ ಇವರು ಹೇಳಿದ ಹುಡುಗನನ್ನು ಆರಿಸದಿದ್ದರೆ ಬೇಜಾರಿಲ್ಲ. ಉತ್ತರ ಬರಲಿಲ್ಲವೆಂದೇ ಸಂಕಟ. ಏಕಿರಬಹುದು? ನನಗೆ ಮೊದಲಿನಿಂದಲೂ ಇದೇ ಕುತೂಹಲ. ಕೇಳಿದರೆ, "ಚಹಾ ಕುಡೀರಿ" ಎಂದು ಮಾತು ತೇಲಿಸಿಬಿಡುತ್ತಿದ್ದರು.

ಶನಿವಾರ ಶನಿವಾರ ಅವರ ಬೇಸ್‌ಮೆಂಟಿನಲ್ಲಿ ಸಭೆ, ನಾನೂ ಹಾಜರು. ಎದುರಾಳಿ ಎರಿನ್ ಮಿಲ್ಸ್‌ನ ನಿವೃತ್ತ ಡಾಕ್ಟರು, ಮಂಡ್ಯದ ಕಡೆಯವರು. ಬರೀ ಜಗಳವಾಡುವುದಕ್ಕೆಂದು ಟೊರೊಂಟೊದ ಆ ತುದಿಯಿಂದ ಈ ತುದಿಗೆ ಕಾರು ಓಡಿಸಿಕೊಂಡು ಬರುವವರನ್ನು ಸ್ನೇಹಿತರೆನ್ನದೆ ಇನ್ನೇನೆನ್ನಬೇಕು?

"ಮೊದ್ಲು ಸ್ಪೀಡ್ ನೋಡ್ಬೇಕು ಸ್ವಾಮಿ. ನಲವತ್ತು ಗಜ ಎಷ್ಟು ಸೆಕೆಂಡಲ್ಲಿ ಓಡ್ತಾನೆ, ಅಷ್ಟೇ!" ಎಂದರು ಡಾಕ್ಟರು.

"ಹೋದ ವರ್ಷ ಓಡಾಂವನ್ನ ತಗೊಂಡ್ರು. ಏನಾತು? ಬ್ಯಾರೆ ತಂಡಕ್ಕ ಓಡಿ ಹೋದ! ಮನಿತನ ನೋಡಬೇಕ್ರಿ. ತಂದಿ ಯಾರು, ತಾಯಿ ಹ್ಯಾಂಗ, ಸಿಟ್ಟೆಷ್ಟು, ಊಟೆಷ್ಟು..."

"ನೀವು ಆಟಗಾರನ್ನ ಹುಡುಕ್ತಾ ಇದೀರೋ, ಅಳಿಯನ್ನ ಹುಡುಕ್ತಾ ಇದೀರೋ?"

"ಎರಡೂ ಒಂದ ಅಲ್ಲೇನ್ರೀ? ಬಂದಾಂವ ಹತ್ತು ವರ್ಷ ಬಾಳ್ವಿ ಮಾಡಬೇಕು!"

ಮೆಟ್ಟಿಲ ಮೇಲಿಂದ ಬೀಗಿತ್ತಿಯ ದನಿ ಬಂತು. "ಸೊಸಿನ್ನ ಆರಿಸೋ ಮುಂದ ಇಷ್ಟೆಲ್ಲ ವಿಚಾರ ಮಾಡಲಿಲ್ಲ. ಹತ್ತ ನಿಮಿಷದಾಗ ಹೂಂ ಅಂದ್ರಿ!"

ಆ ಹತ್ತು ನಿಮಿಷದ ಸೊಸೆ ನನ್ನ ಮಗಳು! ಸುಮ್ಮನಿರಲಾದೀತೆ? "ನನ್ನ ಮಗಳನ್ನ ಒಪ್ಪೋಕೆ ಹತ್ತು ನಿಮಿಷವೇ ಜಾಸ್ತಿ ಆಯ್ತು ಬೀಗರೇ" ಎಂದೆ. ಆ ಶನಿವಾರದ ಸಭೆ ಅಲ್ಲಿಗೇ ಮುಗಿಯಿತು.

ಈ ವರ್ಷ ಬೀಗರ ಕಣ್ಣಿಗೆ ಬಿದ್ದವನು ಪಶ್ಚಿಮದ ಸಸ್ಕ್ಯಾಚುವಾನ್ ಪ್ರಾಂತ್ಯದ, ಗೋಧಿ ಬೆಳೆಯುವ ಊರೊಂದರ ಹುಡುಗ. ಮುನ್ನೂರು ಪೌಂಡು. ಚೆಂಡು ಎಸೆಯುವವನ ಮುಂದೆ ಗೋಡೆಯ ಹಾಗೆ ನಿಲ್ಲುವುದೇ ಅವನ ಕೆಲಸ. ಯಾವ ಪಂಡಿತನ ಪಟ್ಟಿಯಲ್ಲೂ ಅವನ ಹೆಸರಿಲ್ಲ. ಬೀಗರು ಏನು ಮಾಡಿದರು ಗೊತ್ತೆ? ನಮ್ಮ ಕಡೆ ಗಂಡಿನ ಬಗ್ಗೆ ವಿಚಾರಿಸುವಾಗ ಏನು ಮಾಡುತ್ತೇವೋ ಅದನ್ನೇ. "ಆ ಊರ ಕಡೆ ನಮ್ಮವರು ಯಾರರ ಅದಾರೇನು?" ಎಂದು ಹುಡುಕಿ, ಆ ಪ್ರಾಂತ್ಯದ ರೆಜೈನಾ ನಗರದಲ್ಲಿರುವ ಕನ್ನಡಿಗ ಮೇಷ್ಟ್ರೊಬ್ಬರಿಗೆ ಫೋನು ಹಚ್ಚಿದರು. ಅದೃಷ್ಟ ನೋಡಿ, ಆ ಮೇಷ್ಟ್ರು ಸಂತೆಯಲ್ಲಿ ಜೇನುತುಪ್ಪ ಕೊಳ್ಳುವುದು ಹುಡುಗನ ತಾಯಿಯ ಹತ್ತಿರವೇ! ವಾರದಲ್ಲಿ ವರದಿ ಬಂತು: ಹುಡುಗ ಸಾಧು. ತಂದೆ ಇಲ್ಲ. ತಂಗಿಯನ್ನು ತಾನೇ ಶಾಲೆಗೆ ಬಿಟ್ಟು ಬರುತ್ತಾನೆ. ತಟ್ಟೆಯಲ್ಲಿ ಒಂದಗುಳು ಬಿಡುವುದಿಲ್ಲ.

ಆದರೆ ಫೋನಿನಲ್ಲಿ ಗಂಡಿನ ವಿಚಾರಣೆ ನಡೆದರೆ ಕನ್ನಡದವರು ಸುಮ್ಮನಿರುತ್ತಾರೆಯೇ? ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಒಬ್ಬಾಕೆ ನನ್ನ ಮೊಣಕೈ ಹಿಡಿದುಕೊಂಡರು. "ಏನ್ರೀ, ನಿಮ್ಮ ಮೊಮ್ಮಗಳಿಗೆ ಗಂಡು ನೋಡ್ತಿದಾರಂತೆ? ಬಿಳಿಯರ ಹುಡುಗನಂತೆ? ಮುನ್ನೂರು ಪೌಂಡಂತೆ?"

ಮೊಮ್ಮಗಳು ಇನ್ನೂ ಗ್ರೇಡ್ ಹನ್ನೊಂದು! ಇಲ್ಲವೆನ್ನಬಹುದಿತ್ತು. ಆದರೆ ಇಂಥ ಅವಕಾಶ ಮತ್ತೆ ಸಿಗುತ್ತದೆಯೇ? "ಹೂಂ, ಜಾತಕ ಎಲ್ಲಾ ಕೂಡಿದೆ. ಮಂಡಿ ಒಂದು ಎಕ್ಸ್-ರೇ ತೆಗೆಸ್ಬೇಕು" ಎಂದೆ. ಆಕೆಯ ಕೈಯಲ್ಲಿದ್ದ ಪಾಯಸದ ಬಟ್ಟಲು ಓರೆಯಾಯಿತು. ಮೊಮ್ಮಗಳಿಗೆ ಸುದ್ದಿ ತಲುಪಿದಾಗ ಅವಳು ಫೋನಿನಿಂದ ತಲೆ ಎತ್ತದೆ, "ಅಜ್ಜಿ, ಅಟ್ ಲೀಸ್ಟ್ ಹೀ ಕ್ಯಾನ್ ಶವಲ್ ದ ಸ್ನೋ" ಎಂದಳು.

ನಗು ಅಲ್ಲಿಗೆ ನಿಂತಿತು. ಡ್ರಾಫ್ಟಿಗೆ ಎರಡು ವಾರವಿರುವಾಗ ರೆಜೈನಾದ ಮೇಷ್ಟ್ರು ತಾವೇ ಫೋನು ಮಾಡಿದರು. ನಾನು ಪಿಕರಿಂಗ್‌ನಲ್ಲೇ ಇದ್ದೆ. "ಆ ತಾಯಿ ಸಂತೇಲಿ ಸಿಕ್ಕಿದಾಗೆಲ್ಲ ಕೇಳ್ತಾರೆ, ಟೊರೊಂಟೊದಿಂದ ಏನಾದ್ರೂ ಬಂತಾ ಅಂತ. ತಂಡದವರೇ ವಿಚಾರಿಸಿದ್ದು ಅಂದ್ಕೊಂಡ್ಬಿಟ್ಟಿದಾರೆ. ಅಲ್ಲ ಅಂದ್ರೂ ಪೂರ್ತಿ ನಂಬ್ತಿಲ್ಲ. ಹುಡುಗ ಇದನ್ನೇ ನಂಬ್ಕೊಂಡು ಬೇಸಿಗೆ ಕೆಲಸಾನೂ ಬೇಡ ಅಂದಿದಾನಂತೆ."

ಬೀಗರು ಫೋನಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು.

ಅವರಿಗೆ ಆಗಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ನಾನಾದರೋ ಫೋನಿನಲ್ಲಿ ಟೈಪ್ ಮಾಡುವುದನ್ನು ಹೊಸದಾಗಿ ಕಲಿತ ಉತ್ಸಾಹದಲ್ಲಿದ್ದೆ. ಒಂದೇ ಬೆರಳು, ಕೋಳಿ ಕಾಳು ಹೆಕ್ಕಿದ ಹಾಗೆ. "ಈ ಸಲದ ಕಾಗದ ನೀವು ಬರೀರಿ ಬೀಗರ" ಎಂದರು. ಮೊದಲ ಭಾಗ ಹುಡುಗನ ಗುಣಗಾನ. ಆಮೇಲೆ ಹೇಳಿದರು. "ಇನ್ನೊಂದು ಬರೀರಿ. ತಗೊಳ್ಳೋದಿಲ್ಲ ಅಂದ್ರ ಆ ಮನಿಗೆ ಒಂದು ಮಾತು ಹೇಳಿ ಕಳಸ್ರಿ. ದಯವಿಟ್ಟು."

"ಬೇಡ ಅಂದವರಿಗೆಲ್ಲ ಪತ್ರ ಬರೀತಾರಾ ಬೀಗರೇ? ನೂರಾರು ಹುಡುಗ್ರು."

"ನಾ ಎಲ್ಲಾ ವರ್ಷ ಇದನ್ನ ಕೇಳ್ತೀನಿ. ಬರೀರಿ."

ಇಮೇಲಿನಲ್ಲಿ ಕಳಿಸಿದೆ. ಆಮೇಲೆ ಟಪಾಲು ಡಬ್ಬಿಯ ಬದಲು ನನಗೆ ಫೋನು. ಬೆಳಿಗ್ಗೆ ಹಲ್ಲುಜ್ಜುವಾಗ, "ಬಂತೇನ್ರೀ?" ಮಧ್ಯಾಹ್ನ ಹಪ್ಪಳ ಕರಿಯುವಾಗ, "ಬಂತೇನ್ರೀ?" ಬರಲಿಲ್ಲ.

ಡ್ರಾಫ್ಟಿನ ಸಂಜೆ ಬೇಸ್‌ಮೆಂಟು ತುಂಬ ಗಿರ್ಮಿಟ್ಟಿನ ಘಮ. ಬೀಗರಿಗೆ ಕಪ್ಪು ಕನ್ನಡಕ. ಪರದೆಯ ಮೇಲೆ ಬಂದ ಹೆಸರುಗಳನ್ನು ಓದಿ ಹೇಳುವ ಕೆಲಸ ನನಗೆ. ಒಂದು ಸುತ್ತು ಹೋಯಿತು, ಎರಡು ಹೋಯಿತು. ಟೀವಿಯವರು ಪ್ರಸಾರ ಮುಗಿಸಿ ಎದ್ದು ಹೋದರು. ಉಳಿದ ಸುತ್ತುಗಳನ್ನು ನನ್ನ ಫೋನಿನಲ್ಲೇ ನೋಡಿದೆವು. ನಮ್ಮ ತಂಡ ಓಡುವವನನ್ನು ತೆಗೆದುಕೊಂಡಿತು. ಮತ್ತೊಬ್ಬ ಓಡುವವನನ್ನು ತೆಗೆದುಕೊಂಡಿತು. ಬೇರೆ ತಂಡಗಳೂ ಗೋಧಿ ಊರಿನ ಹುಡುಗನ ಹೆಸರೆತ್ತಲಿಲ್ಲ. ಕೊನೆಯ ಸುತ್ತಿನ ಕೊನೆಯ ಹೆಸರನ್ನು ನಾನು ಎರಡು ಸಲ ಓದಿದೆ, ಬದಲಾಗಬಹುದೇನೋ ಎಂಬಂತೆ.

ಗೆದ್ದವರು ಎರಿನ್ ಮಿಲ್ಸ್ ಡಾಕ್ಟರು. ಅವರು ನಗುತ್ತಾರೆಂದುಕೊಂಡೆ. ಅವರು ತಟ್ಟೆ ಕೆಳಗಿಟ್ಟು, "ನಿಲ್ಲೋ ಹುಡುಗ ಸ್ವಾಮಿ. ಆ ತಂಡದವ್ರಿಗೆ ಗೊತ್ತಾಗಲ್ಲ" ಎಂದರು.

ಬೀಗರು ನನ್ನ ಕಡೆ ತಿರುಗಿದರು. "ಹುಡುಗನ ಊರಾಗ ಇನ್ನೂ ಬೆಳಕಿರ್ತದ. ಮೇಷ್ಟ್ರ ಕಡಿಂದ ಆ ತಾಯಿ ನಂಬರ್ ಇಸಗೊಂಡೀನಿ. ಮೆಸೇಜ್ ಬರೀರಿ ಬೀಗರ."

"ನಾವ್ಯಾಕೆ ಬರೀಬೇಕು? ನಾವೇನು ತಂಡದವರಾ?"

"ಕೇಳಿ ಕಳಿಸಿದಾಂವ ನಾನ ಅಲ್ರೀ?" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ನಾನು ಇಷ್ಟು ವರ್ಷ ಕೇಳಿದ್ದಕ್ಕೆ ಚಹಾ ಕುಡಿಸದೆ ಉತ್ತರ ಕೊಟ್ಟರು. "ನಮ್ಮಕ್ಕನ್ನ ನೋಡ್ಲಿಕ್ಕೆ ಒಂಬತ್ತು ಮನಿಯವರು ಬಂದಿದ್ರು. ಉಪ್ಪಿಟ್ಟು, ಶಿರಾ ತಿಂದು, ತಿಳಸ್ತೀವಿ ಅಂದು ಹೋದ್ರು. ಬ್ಯಾಡ ಅಂತ ಒಬ್ಬರರ ಒಂದು ಕಾರ್ಡ್ ಹಾಕಲಿಲ್ಲ. ಟಪ್ಪಾಲಿನಾಂವನ ಸೈಕಲ್ ಗಂಟಿ ಕೇಳಿದ್ರ ಆಕಿ ಮಾಡೋ ಕೆಲಸ ಬಿಟ್ಟು ಬಾಗಲಕ್ಕ ಬರ್ತಿದ್ಲು. ನಾ ಇಲ್ಲಿಗೆ ಬಂದ ಮ್ಯಾಲೂ ಪತ್ರದಾಗ ಕೇಳಿದ್ಲು, 'ನನ್ನೊಳಗ ಏನ್ ಕೊರತಿ ಇತ್ತೋ ತಮ್ಮಾ?' ಅಂತ. ನನಗ ಉತ್ತರ ಬರೀಲಿಕ್ಕೆ ಆಗಲಿಲ್ಲ ನೋಡ್ರಿ."

ಮೆಟ್ಟಿಲ ಮೇಲೆ ಬೀಗಿತ್ತಿ ನಿಂತಿದ್ದರು.

"ಬರಕೋರಿ," ಎಂದರು ಬೀಗರು. "ಮೊದಲನೇ ಸಾಲು: ನಿಮ್ಮ ಮಗನೊಳಗ ಏನೂ ಕೊರತಿ ಇಲ್ಲ."

ನಾನು ಫೋನು ಕೈಗೆತ್ತಿಕೊಂಡೆ. ಒಂದು ಸಾಲಿಗೆ ಎಂದೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ಕಣ್ಣಿನ ಆಪರೇಷನ್ ಆಗಿದ್ದು ಅವರಿಗೆ. ಅಕ್ಷರ ಕಾಣದೆ ಹೋದದ್ದು ನನಗೆ.