ಅಕ್ಕನ ಆರೈಕೆಯ ವೇಳಾಪಟ್ಟಿ

ಇರುವ ಸಂಬಳದಲ್ಲಿ ಸಂಸಾರ ತೂಗಿಸುವವರನ್ನು ಜಾಣರೆನ್ನುತ್ತಾರೆ. ಇನ್ನೊಬ್ಬರ ಹೊತ್ತನ್ನು ತೂಗಿಸಲು ಹೊರಟವರನ್ನು ಏನೆನ್ನುತ್ತಾರೋ ಗೊತ್ತಿಲ್ಲ. ನನ್ನ ಅಕ್ಕ ಅನ್ನುತ್ತಿದ್ದುದನ್ನು ಇಲ್ಲಿ ಬರೆಯುವಂತಿಲ್ಲ. ಶಿರವಾಡದ ಮನೆಯಲ್ಲಿ ಇದ್ದವರು ನಾವಿಬ್ಬರೇ. ಅಕ್ಕನ ಎಡಮಗ್ಗುಲಿಗೆ ಲಕ್ವ ಹೊಡೆದ ಮೇಲೆ, ಅಂಕೋಲೆಯ ಶಾಲೆಯಲ್ಲಿ ನನಗೆ ಬರುವ ಸಂಬಳಕ್ಕೆ ದಿನಕ್ಕೆ ನಾಲ್ಕು ಗಂಟೆಯ ಆರೈಕೆಯಷ್ಟೇ ಎಟುಕಿತು. ನೋಡಿಕೊಳ್ಳಲು ಕದ್ವಾಡದಿಂದ ಸುಮಿತ್ರಾ ಬರತೊಡಗಿದಳು. ಶಾಲೆಯ ವೇಳಾಪಟ್ಟಿ ಹಾಕಿ ಪಳಗಿದ ಕೈ ನನ್ನದು. ಸ್ನಾನಕ್ಕೊಂದು ಪಿರಿಯಡ್ಡು, ಊಟ-ಔಷಧಕ್ಕೊಂದು ಕೊಟ್ಟು, ಮಿಕ್ಕಿದ್ದನ್ನೆಲ್ಲ ಕಾಲಿನ ವ್ಯಾಯಾಮಕ್ಕೆ ಹಂಚಿದೆ. ಅಕ್ಕ ಮತ್ತೆ ನಡೆಯಬೇಕೆಂಬುದೊಂದೇ ನನ್ನ ಆಸೆ.

ಒಂದು ದಿನ ಬಸ್ಸು ತಪ್ಪಿ ಮನೆಗೆ ಹಿಂತಿರುಗಿದೆ. ವ್ಯಾಯಾಮದ ಹೊತ್ತು. ಅಕ್ಕ ಗಾಲಿಕುರ್ಚಿಯಲ್ಲಿ ಹೊಸ್ತಿಲ ಬಳಿ ಕುಳಿತು ಮೀನಿನವಳೊಡನೆ ಚೌಕಾಸಿಗಿಳಿದಿದ್ದಳು. ಸುಮಿತ್ರಾ ಅಂಗಳದಲ್ಲಿ ಬಂಗಡೆ ಕೊಯ್ಯುತ್ತಿದ್ದಳು.

"ಇದೆಂತದು?" ಎಂದೆ.

"ಕೈಯ ವ್ಯಾಯಾಮ," ಎಂದಳು ಅಕ್ಕ. "ಕಿವಿರು ಎತ್ತಿ ನೋಡ್ಬೇಕಲ್ಲ."

"ಮತ್ತೆ ಕಾಲಿಂದು?"

"ಕಾಲು ಯಾರಿಗೆ ಬೇಕೆ? ಈ ಮನೆಗೆ ಮೀನು ಆರ್ಸೂದು ನಾನು. ನಿನ್ನ ಕೈಲಿ ಬಿಟ್ರೆ ಇವಳು ನಿನ್ನೆ ಮೀನು ಹಾಕಿ ಹೋಗ್ತಾಳೆ. ಹೊತ್ತು ಸಾಲೂದಿಲ್ಲಂದ್ರೆ ನನ್ನ ಸ್ನಾನ ತೆಗೆ."

"ಮೀಯದಿದ್ರೂ ಅಡ್ಡಿಲ್ಲ ಅಕ್ಕೋರೆ," ಎಂದಳು ಮೀನಿನವಳು ನನಗೆ, ಬುಟ್ಟಿ ಎತ್ತುತ್ತ. "ನನ್ನ ಬುಟ್ಟಿ ಎದುರು ಯಾರಿಗೆ ವಾಸ್ನಿ ಗೊತ್ತಾಗ್ತದೆ?"

ನಾನು ಸೋಲಲಿಲ್ಲ. ಮಕ್ಕಳು ಆಟದ ಪಿರಿಯಡ್ಡು ಕೇಳಿದರೆ ಗಣಿತ ಕೊಟ್ಟು ಅಭ್ಯಾಸವಾದವಳು. ಮೀನಿಗೆ ಭಾನುವಾರ ಮಾತ್ರ ಮಂಜೂರಾಯಿತು. ಉಳಿದ ದಿನ ಅಕ್ಕ ಕಾಲೆತ್ತುತ್ತ ಬಾಗಿಲಿನತ್ತ ಕಿವಿಗೊಟ್ಟಿರುತ್ತಿದ್ದಳಂತೆ. ಮಳೆಗಾಲ ಹಿಡಿಯುವ ಮುನ್ನ ತೀರಿಕೊಂಡಳು. ನಡೆಯಲಿಲ್ಲ.

ಕಾರ್ಯವೆಲ್ಲ ಮುಗಿದ ಮರುದಿನ ಸುಮಿತ್ರಾ ಬಂದು ನಿಂತಳು. ಆ ತಿಂಗಳ ಸಂಬಳ ಮೊದಲೇ ಕೊಟ್ಟಾಗಿತ್ತು.

"ಇನ್ನೆಂತ ಕೆಲಸ ಸುಮಿತ್ರಾ?" ಎಂದೆ.

"ಸುಮ್ನೆ ದುಡ್ಡು ತಿನ್ನೂದು ಹೆಂಗೆ? ನಿಮ್ಮ ಮೊಣಕಾಲೂ ನೆಟ್ಟಗಿಲ್ಲ. ಮಲ್ಕಳಿ."

ವಾದಿಸುವ ತ್ರಾಣವಿರಲಿಲ್ಲ, ಅಕ್ಕನ ಮಂಚದ ಮೇಲೆ ಮಲಗಿದೆ. ಅವಳು ಎತ್ತೆಂದಂತೆ ಕಾಲೆತ್ತಿದೆ, ಇಳಿಸೆಂದಾಗ ಇಳಿಸಿದೆ. ಸ್ವಲ್ಪದರಲ್ಲೇ ತೊಡೆ ನಡುಗಿತು. ಇಷ್ಟು ನೋಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅಥವಾ ಅಕ್ಕ ಹೇಳಿದ್ದಳೇನೋ.

"ಸಾಕು ಮಾರಾಯ್ತಿ," ಎಂದೆ. "ಮೀನಿನವಳು ಬಂದ ಹಾಗಾಯ್ತು, ನೋಡು."

"ದೊಡ್ಡಕ್ಕೋರೂ ಹಿಂಗೇ ಹೇಳ್ತಿದ್ರು," ಎಂದಳು ಸುಮಿತ್ರಾ, ಹಿಡಿದ ಪಾದ ಬಿಡದೆ. "ಬಿಡಬೇಡ ಅಂದವ್ರು ನೀವೇ."

ನಾನು ಕಾಲೆತ್ತಿದೆ.