ಸುಗತನ್ ಅಂಗಡಿಯ ಮುಂದಿನ ಜಾಗ

ಬೆಳಿಗ್ಗೆ ಸುಗತನ್ ತನ್ನ ಚಹಾ ಅಂಗಡಿಯ ಹಲಗೆ ತೆಗೆದಾಗ ಎದುರಿನ ರಸ್ತೆಯಂಚಿನಲ್ಲಿ ಯಾರೋ ಗೂಟ ಹೊಡೆದು ಹಗ್ಗ ಕಟ್ಟಿದ್ದರು. ಪಕ್ಕದಲ್ಲಿ ಊರಿಗೆಲ್ಲ ಚೇಚಿ, ಅಂದರೆ ಅಕ್ಕ, ಎನಿಸಿಕೊಂಡ ವಾರ್ಡ್ ಮೆಂಬರ್ ಓಮನ ಕೊಡೆ ಹಿಡಿದು ನಿಂತಿದ್ದಳು.

"ಏನು ಚೇಚಿ ಇದು, ಮೇಕೆ ಕಟ್ಟೋಕಾ?"

"ಬಸ್ ತಂಗುದಾಣ ಕಣೋ. ಮಾರ್ಚ್ ಮುಗಿಯೋದ್ರೊಳಗೆ ಖರ್ಚು ಮಾಡ್ಲಿಲ್ಲ ಅಂದ್ರೆ ಹಣ ವಾಪಸ್ ಹೋಗುತ್ತೆ."

ಸುಗತನ್ ತಿರುಗಿ ತನ್ನ ಅಂಗಡಿಯತ್ತ ನೋಡಿದ. ಅವನ ವ್ಯಾಪಾರ ನಡೆಯುತ್ತಿದ್ದುದೇ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಪಳಂಪೊರಿಯಿಂದ. ಹಿಟ್ಟಿನಲ್ಲಿ ಅದ್ದಿ ಕರಿದ ನೇಂದ್ರ ಬಾಳೆಯ ಆ ಬಿಸಿ ತುಂಡುಗಳು ಕಣ್ಣಿಗೆ ಬಿದ್ದರೆ ಲಾರಿಯವರು ತಾವಾಗಿಯೇ ಬ್ರೇಕ್ ಹಾಕುತ್ತಿದ್ದರು. ಮುಂದೆ ಗೋಡೆ ಎದ್ದರೆ ಅಂಗಡಿ ಮುಸುಕು ಹಾಕಿಕೊಂಡ ಮದುಮಗಳಂತೆ ಒಳಗೇ ಕೂರಬೇಕು.

"ನಾನು ಕೆಟ್ಟೆ ಚೇಚಿ. ಬೇರೆ ಕಡೆ ಕಟ್ಟಿ."

"ಸಂಜೆ ಗ್ರಾಮಸಭೆ ಇದೆ. ಜನ ಹೇಳಿದ್ರೆ ಕಟ್ತೀನಿ. ಎಲ್ಲಿ ಕಟ್ಟಿದ್ರೂ ಮೇಲೆ ನನ್ನ ಹೆಸರು ಇರುತ್ತಲ್ಲ, ನನಗೇನು?"

ಸುಗತನ್ ಜನರನ್ನು ಹಿಡಿಯಲು ಹೊರಟ. ಮೊದಲು ಸಿಕ್ಕಿದವರು ಅಂಗಡಿಗೇ ಚಹಾಕ್ಕೆ ಬಂದ ಮೇಷ್ಟ್ರು, ವಾಚನಾಲಯದ ಅಧ್ಯಕ್ಷ ದಿವಾಕರನ್ ಮಾಷ್.

"ಮಾಷೇ, ತಂಗುದಾಣ ವಾಚನಾಲಯದ ಮುಂದೆ ಬಂದ್ರೆ ಬಸ್ ಕಾಯೋರು ಒಳಗೆ ಬಂದು ಓದ್ತಾರೆ."

"ಓದೋದಿಲ್ಲ," ಎಂದರು ಮಾಷ್, ಚಹಾ ಹೀರುತ್ತ. "ಆದ್ರೆ ಮಳೆಗೆ ನಿಂತೋರನ್ನೂ ಓದುಗರು ಅಂತ ವರದೀಲಿ ಬರೀಬಹುದು. ನನ್ನ ಬೆಂಬಲ ನಿನಗೇ."

ಮೀನು ಮಾರುವ ಬೀರಾನ್ ಇಕ್ಕ ಎಂಬ ಹಿರಿಯಣ್ಣ ಸುಲಭಕ್ಕೆ ಬಗ್ಗಲಿಲ್ಲ.

"ಇಲ್ಲೇ ಕಟ್ಟಿದ್ರೆ ನನ್ನ ಮೀನಿಗೆ ನೆರಳಾಗ್ತಿತ್ತು."

"ಸತ್ತ ಮೀನಿಗೆ ಬಿಸಿಲೇನು, ನೆರಳೇನು ಇಕ್ಕಾ?"

"ತಗೊಳ್ಳೋರು ಬದುಕಿದಾರಲ್ಲೋ!"

ಅವನ ಬುಟ್ಟಿಯಲ್ಲಿ ಉಳಿದಿದ್ದ ಬೂತಾಯಿ ಮೀನನ್ನೆಲ್ಲ ಸುಗತನ್ ಕೊಂಡ ಮೇಲೆ ಇಕ್ಕನಿಗೂ ವಾಚನಾಲಯವೇ ಸರಿ ಎನಿಸಿತು.

ಮಧ್ಯಾಹ್ನದ ಹೊತ್ತಿಗೆ, ಅಭಿಪ್ರಾಯ ಹೇಳಿದರೆ ಸುಗತನ್ ಬಿಟ್ಟಿ ಚಹಾ ಕೊಡುತ್ತಾನೆಂಬ ಸುದ್ದಿ ಹಬ್ಬಿತು. ಅಭಿಪ್ರಾಯ ಇದ್ದವರೂ ಬಂದರು, ಇಲ್ಲದವರೂ ಬಂದರು. ಪಕ್ಕದ ವಾರ್ಡಿನವರು ನೆರೆಹೊರೆಯ ಕಾಳಜಿಯಿಂದ ಬಂದರು. ಒಬ್ಬನಂತೂ ವಿರೋಧಿಯಾಗಿ ಬಂದು, ಚಹಾ ಕುಡಿದು ಬೆಂಬಲಿಗನಾಗಿ ಹೋದವನು, ಸ್ವಲ್ಪ ಹೊತ್ತಿಗೆ ಮತ್ತೆ ವಿರೋಧಿಯಾಗಿ ವಾಪಸು ಬಂದ. ಗಾಜಿನ ಪೆಟ್ಟಿಗೆ ಖಾಲಿಯಾಯಿತು. ಗಲ್ಲಾಪೆಟ್ಟಿಗೆ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು.

ಸಂಜೆ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಯಾರೂ ಮನಸ್ಸು ಬದಲಿಸದಿರಲೆಂದು ಸುಗತನ್ ಚಹಾದ ಪಾತ್ರೆಯನ್ನು ಅಲ್ಲಿಗೂ ಹೊತ್ತು ತಂದಿದ್ದ.

"ತಂಗುದಾಣ ವಾಚನಾಲಯದ ಮುಂದೆ. ಒಪ್ಪೋರು ಕೈ ಎತ್ತಿ," ಎಂದಳು ಓಮನ.

ಬೀರಾನ್ ಇಕ್ಕ ಎರಡೂ ಕೈ ಎತ್ತಿದ. ಒಂದು ಅಪಸ್ವರವೂ ಇಲ್ಲದೆ ಠರಾವು ಪಾಸಾಯಿತು.

ಸುಗತನ್‌ಗೆ ತಾನೇ ಚುನಾವಣೆ ಗೆದ್ದಂತಾಯಿತು. ಹುಮ್ಮಸ್ಸಿನಲ್ಲಿ ಇನ್ನೊಂದು ಸುತ್ತು ಚಹಾ ಬಗ್ಗಿಸತೊಡಗಿದ. ಅತ್ತ ಓಮನ ಕಾಗದಕ್ಕೆ ಕಣ್ಣು ಕೀಲಿಸಿ ಓದುತ್ತಲೇ ಇದ್ದಳು. "ಮುಂದಿನದು ಸಾರ್ವಜನಿಕ ಶೌಚಾಲಯ. ಎಲ್ಲರೂ ನಮ್ಮನೆ ಹತ್ರ ಬೇಡ ಅಂತೀರಿ, ಅದರ ಹಣ ಹಾಗೇ ಬಿದ್ದಿದೆ. ಈಗ ಸುಗತನ್ ಅಂಗಡಿ ಮುಂದೆ ಜಾಗ ಖಾಲಿಯಾಯ್ತಲ್ಲ, ಅಲ್ಲೇ ಕಟ್ಟಿದ್ರೆ..."

ಲೋಟಗಳ ಸದ್ದಿನಲ್ಲಿ ಸುಗತನ್‌ಗೆ ಇದೊಂದೂ ಕಿವಿಗೆ ಬೀಳಲಿಲ್ಲ. ಅವನು ಸಭೆಯತ್ತ ತಿರುಗಿ ಗಟ್ಟಿಯಾಗಿ ಕೂಗಿದ:

"ಸಕ್ಕರೆ ಇಲ್ಲದ್ದು ಯಾರಿಗೆ? ಕೈ ಎತ್ತಿ!"

ಆ ವಾರ್ಡಿನಲ್ಲಿ ನಲವತ್ತು ದಾಟಿಯೂ ಸಕ್ಕರೆ ಕಾಯಿಲೆ ಇಲ್ಲದವರು ಅಪರೂಪ. ಜಗಲಿಯ ತುಂಬ ಕೈಗಳೆದ್ದವು.

ಓಮನ ತಲೆಯೆತ್ತಿ ನೋಡಿದಳು. "ಸುಗತನ್ ಅಂಗಡಿ ಮುಂದೆ ಶೌಚಾಲಯಕ್ಕೂ ಒಪ್ಪಿಗೆ. ಬರ್ಕೊಳ್ಳಿ."

ಪಾತ್ರೆ ಸುಗತನ್ ಕೈಯಿಂದ ಜಾರಿತು. "ಅಯ್ಯೋ ಚೇಚೀ! ಅವ್ರು ಕೈ ಎತ್ತಿದ್ದು ಚಹಾಕ್ಕೆ!"

"ಹೌದಾ? ಹಾಗಾದ್ರೆ ಬರೀ ಚಹಾಕ್ಕೆ ಎತ್ತಿದೋರು ಕೈ ಇಳಿಸಿ."

ಒಂದು ಕೈಯೂ ಇಳಿಯಲಿಲ್ಲ. ಸುಗತನ್ ಮಾಷ್ ಕಡೆ ತಿರುಗಿದ. "ಮಾಷೇ, ನೀವಾದ್ರೂ ನಿಜ ಹೇಳಿ!"

ಮಾಷ್ ಎಡಗೈಯಲ್ಲಿ ಲೋಟ ಹಿಡಿದಿದ್ದರು. ಬಲಗೈ ಮೇಲೆಯೇ ಇತ್ತು.

"ಬೆಳಿಗ್ಗೆಯಿಂದ ನೀನು ಕುಡಿಸಿದ ಚಹಾ ಎಷ್ಟು ಅಂತ ನಿನಗೇ ಗೊತ್ತಲ್ಲ ಸುಗತಾ," ಎಂದರು. "ನಾನು ಎರಡಕ್ಕೂ ಎತ್ತಿದ್ದು."